ಹಳೆಯ ಜೆಟ್ ಸ್ಕೀಗಳ ತಪಾಸಣೆ ಕಲಬುರಗಿಯಲ್ಲಿಯೇ ನಡೆಯಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಎರಡು ಬೇಸಿಗೆಗಳಿಂದ ನನ್ನ ದುರಸ್ತಿ ಅಂಗಡಿಗೆ ಬರುವ ಯುವಕರಲ್ಲಿ ಕೆಲವರು ಮೊಬೈಲ್ ತೆರೆದು, ಮಾರಾಟಕ್ಕಿರುವ ಹಳೆಯ ಜೆಟ್ ಸ್ಕೀಗಳ, ಅಂದರೆ ನೀರಿನ ಮೇಲೆ ಬೈಕಿನಂತೆ ಕೂತು ಓಡಿಸುವ ಯಂತ್ರಗಳ, ಚಿತ್ರ ತೋರಿಸಿ, "ಕಾಕಾ, ಇದು ತಗೊಂಡ್ರ ನಡೀತದೇನ್ರಿ?" ಎಂದು ಕೇಳತೊಡಗಿದ್ದಾರೆ. ಒಬ್ಬರಿಗೆ ಭಾಲ್ಕಿ ಕಡೆಯ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಓಡಿಸುವ ಆಸೆಯಿದ್ದರೆ, ಇನ್ನೊಬ್ಬರಿಗೆ ಬೆಣ್ಣೆತೊರಾ ಜಲಾಶಯದ ದಂಡೆಯಲ್ಲಿ ಬಾಡಿಗೆಗೆ ಬಿಟ್ಟು ನಾಲ್ಕು ಕಾಸು ನೋಡುವ ಯೋಚನೆಯಿದೆ. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅಂತಹದೊಂದು ಯಂತ್ರವನ್ನು ಅದಲು ಬದಲು ಮಾಡಿ ತಂದು, ಏಳು ತಿಂಗಳು ಅದರ ಮುಂದೆ ಕುಳಿತು ದುರಸ್ತಿ ಮಾಡಿದ ನನ್ನ ಅನುಭವ ಹೇಳುವುದೇನೆಂದರೆ, ಇಂತಹ ಯಂತ್ರ ನೀರಿಗಿಳಿಯುವ ಮೊದಲು ಅದನ್ನು ಬಲ್ಲವರೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು, ಮತ್ತು ಆ ಪರೀಕ್ಷೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ ನಡೆಯಬೇಕು. ಇವತ್ತು ಅದು ಇಲ್ಲಿ ನಡೆಯುತ್ತಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಾನು ಇಪ್ಪತ್ತೆಂಟು ವರ್ಷಗಳಿಂದ ಕಲಬುರಗಿಯಲ್ಲಿ ಪಂಪ್‌ಸೆಟ್, ಜನರೇಟರ್ ಮತ್ತು ಟ್ರ್ಯಾಕ್ಟರ್ ದುರಸ್ತಿ ಮಾಡಿಕೊಂಡು ಬಂದವನು. ಭೀಮಾ ದಂಡೆಯ ಮೀನುಗಾರರ ದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರುಗಳನ್ನೂ ಆಗಾಗ ಬಿಚ್ಚಿ ಜೋಡಿಸಿದ್ದೇನೆ. ಕರಾವಳಿಯ ಕಡಲತೀರವೊಂದರಲ್ಲಿ ಪ್ರವಾಸಿಗರಿಗೆ ಜೆಟ್ ಸ್ಕೀ ಬಾಡಿಗೆಗೆ ಕೊಡುತ್ತಿದ್ದ ಒಬ್ಬರಿಗೆ ತಮ್ಮ ಊಟದ ಅಂಗಡಿಗೆ ಜನರೇಟರ್ ಬೇಕಿತ್ತು; ನನ್ನಲ್ಲಿ ನಾನೇ ಬೋರ್ ಮಾಡಿಸಿ ಸಿದ್ಧಗೊಳಿಸಿದ 10 ಕೆವಿಎ ಡೀಸೆಲ್ ಜನರೇಟರ್ ಇತ್ತು. ಅದಕ್ಕೆ 60 ಸಾವಿರ ರೂಪಾಯಿ ಬೆಲೆ ಕಟ್ಟಿ, ಅದರ ಮೇಲೆ ನಾನು 40 ಸಾವಿರ ನಗದು ಕೊಡುವುದು, ಅವರು ಹಳೆಯ ಇಬ್ಬರು ಕೂರುವ ಜೆಟ್ ಸ್ಕೀ ಕೊಡುವುದು ಎಂದು ಮಾತಾಯಿತು. ತೊಗರಿ ಬೇಳೆ ಇಳಿಸಿ ಖಾಲಿ ಮರಳುತ್ತಿದ್ದ ಪರಿಚಯದ ಲಾರಿಯೊಂದರಲ್ಲಿ, ಹಳೆಯ ಟಯರುಗಳ ಮೇಲೆ ಮಲಗಿಸಿಕೊಂಡು ಅದನ್ನು ಕಲಬುರಗಿಗೆ ತಂದೆ. ಸುಮಾರು ಎರಡು ಕ್ವಿಂಟಲ್ ತೂಕದ ಅದನ್ನು ಇಳಿಸಲು ಆರು ಜನ ಬೇಕಾಯಿತು.

ಜೆಟ್ ಸ್ಕೀ ಎಂಬುದು ವಾಸ್ತವದಲ್ಲಿ ಕವಾಸಕಿ ಕಂಪನಿ 1970ರ ದಶಕದ ಆರಂಭದಲ್ಲಿ ತಂದ ಯಂತ್ರದ ಹೆಸರು. ಅದಕ್ಕೂ ಮೊದಲು 1968ರಲ್ಲಿ ಬೊಂಬಾರ್ಡಿಯರ್ ಕಂಪನಿ ಸೀ-ಡೂ ಎಂಬ ಹೆಸರಿನಲ್ಲಿ ಇಂತಹದೇ ಯಂತ್ರ ಮಾಡಿತ್ತು, ಯಮಹಾದವರದು ವೇವ್‌ರನ್ನರ್. ನಮ್ಮ ಜನ ಎಲ್ಲವನ್ನೂ ಜೆಟ್ ಸ್ಕೀ ಅಥವಾ ವಾಟರ್ ಬೈಕ್ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಬೈಕಿನ ಹಾಗೆ ಹ್ಯಾಂಡಲ್ ಮತ್ತು ಸೀಟು ಕಾಣುತ್ತವೆಯಾದರೂ, ಪಂಪ್‌ಸೆಟ್ ಬಿಚ್ಚಿದವರ ಕಣ್ಣಿಗೆ ಇದು ಓಡಾಡುವ ಪಂಪೇ ಹೊರತು ಬೇರೇನೂ ಅಲ್ಲ. ಕೆಳಗಿನ ಜಾಲರಿಯಿಂದ ನೀರನ್ನು ಎಳೆದುಕೊಂಡು, ಎಂಜಿನ್ ತಿರುಗಿಸುವ ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರ ಅದನ್ನು ಹಿಂದಿನ ಕಿರಿದಾದ ನಳಿಕೆಯ ಮೂಲಕ ರಭಸದಿಂದ ಹೊರಕ್ಕೆ ತಳ್ಳುತ್ತದೆ. ನೀರು ಹಿಂದಕ್ಕೆ ಹೋದಷ್ಟೂ ಯಂತ್ರ ಮುಂದಕ್ಕೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಆ ನಳಿಕೆಯ ಬಾಯಿ ಮಾತ್ರ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಇದರ ಬಗ್ಗೆಯೇ ಮಾತನಾಡಬೇಕಾಗಿದೆ.

ಕೊಳ್ಳುವಾಗ ನಾನು ಮಾಡಿದ ಮೊದಲ ತಪ್ಪು, ಬಿಸಿಯಾದ ಎಂಜಿನ್ನನ್ನು ನೋಡಿ ಒಪ್ಪಿಕೊಂಡದ್ದು. ನಾನು ಹೋಗುವಷ್ಟರಲ್ಲಿ ಅವರು ಅದನ್ನು ಚಾಲೂ ಮಾಡಿ ಇಟ್ಟಿದ್ದರು. ಗುಂಡಿ ಒತ್ತಿದ ಕೂಡಲೇ ಹೊತ್ತಿಕೊಂಡಿತು, ಹೊಗೆಯೂ ಹದವಾಗಿಯೇ ಇತ್ತು. ಹಳೆಯ ಟು-ಸ್ಟ್ರೋಕ್ ಎಂಜಿನ್ನಿನ ಆರೋಗ್ಯ ತಿಳಿಯುವುದು ಅದು ತಣ್ಣಗಿರುವಾಗ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದರಿಂದ ಮತ್ತು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ ನೋಡುವುದರಿಂದ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ಹಾಕುವುದಕ್ಕೆ ಐದು ನಿಮಿಷವೂ ಬೇಡ. ಟ್ರ್ಯಾಕ್ಟರ್ ಕೊಳ್ಳಲು ಬರುವ ರೈತರಿಗೆ ಇದನ್ನೇ ಬುದ್ಧಿ ಹೇಳುವ ನಾನು ಅಂದು ಗೇಜನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಊರಿಗೆ ತಂದು ನೋಡಿದರೆ ಮುಂದಿನ ಸಿಲಿಂಡರಿನಲ್ಲಿ 130 ಪೌಂಡ್, ಹಿಂದಿನದರಲ್ಲಿ 85 ಪೌಂಡ್ ಒತ್ತಡ ಬಂತು. ಇಂತಹ ಎಂಜಿನ್ನುಗಳಲ್ಲಿ ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 10ನ್ನು ಮೀರಬಾರದು. ಹೆಡ್ ಬಿಚ್ಚಿದಾಗ ಹಿಂದಿನ ಸಿಲಿಂಡರಿನ ಗೋಡೆಯ ಮೇಲೆ ಬೆರಳಿನ ಉಗುರಿಗೆ ತಾಗುವಷ್ಟು ಆಳದ ನಾಲ್ಕು ಗೀರುಗಳಿದ್ದವು, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಲ್ಲಲ್ಲಿ ಮೆತ್ತಿಕೊಂಡಿತ್ತು.

ಅದು ಹೀಗೇಕಾಯಿತು ಎಂಬುದನ್ನು ಹೇಳಬೇಕು, ಏಕೆಂದರೆ ಕಡಲಿನಲ್ಲಿ ದುಡಿದ ಹಳೆಯ ಯಂತ್ರಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ರೋಗ. ಇದರಲ್ಲಿ ರೇಡಿಯೇಟರ್ ಇಲ್ಲ. ಪಂಪು ಎಳೆಯುವ ನೀರಿನಲ್ಲಿಯೇ ಸ್ವಲ್ಪ ಭಾಗ ಸಣ್ಣ ಕೊಳವೆಯ ಮೂಲಕ ಎಂಜಿನ್ನಿನ ಸುತ್ತ ಹರಿದು ಹೊರಗೆ ಹೋಗುತ್ತದೆ. ಸಮುದ್ರದಲ್ಲಿ ಓಡಿಸಿದ ಮೇಲೆ ಪ್ರತಿದಿನ ಸಿಹಿನೀರಿನಿಂದ ಒಳಗನ್ನು ತೊಳೆಯದಿದ್ದರೆ ಉಪ್ಪು ಮತ್ತು ಮರಳು ಆ ದಾರಿಯಲ್ಲಿ ಗಟ್ಟಿಯಾಗಿ ಕೂರುತ್ತವೆ. ನಾನು ಬಿಚ್ಚಿದಾಗ ಹಿಂದಿನ ಸಿಲಿಂಡರಿನ ನೀರಿನ ದಾರಿಯಲ್ಲಿ ಸುಣ್ಣದಂತಹ ಬಿಳಿಯ ಪದರು ಅರ್ಧಕ್ಕೂ ಹೆಚ್ಚು ಜಾಗ ಮುಚ್ಚಿತ್ತು. ತಂತಿಯಿಂದ ಕೆರೆದು ತೆಗೆಯಲು ಎರಡು ಸಂಜೆಗಳು ಹಿಡಿದವು. ಹೀಗೆ ತೊಳೆಯುವುದಕ್ಕೂ ಒಂದು ಕ್ರಮವಿದೆ, ಅದನ್ನು ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ಪೈಪಿನ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು ಬಂದ್ ಮಾಡಿ ಆಮೇಲೆ ಎಂಜಿನ್ ಬಂದ್ ಮಾಡಬೇಕು. ಹೊಗೆಯ ಒತ್ತಡವಿಲ್ಲದೆ ನೀರು ಬಿಟ್ಟರೆ ಅದು ಸೈಲೆನ್ಸರಿನಲ್ಲಿ ತುಂಬಿ ಹಿಮ್ಮುಖವಾಗಿ ಸಿಲಿಂಡರಿಗೆ ನುಗ್ಗುತ್ತದೆ, ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲವಾದ್ದರಿಂದ ಎಂಜಿನ್ನಿನ ಮುಂದಿನ ಸುತ್ತಿನಲ್ಲಿ ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿಲ್ಲದೆ ಒಣ ಎಂಜಿನ್ ಓಡಿಸುವುದೂ ಹದಿನೈದು ಸೆಕೆಂಡುಗಳನ್ನು ಮೀರಬಾರದು.

ಎಂಜಿನ್ನಿನ ಕೆಲಸಕ್ಕೆ ನಾನು ಹೊರಗೆ ಎಲ್ಲಿಗೂ ಹೋಗಲಿಲ್ಲ. ಕಪನೂರು ಕೈಗಾರಿಕಾ ಪ್ರದೇಶದ ಲೇಥ್ ಅಂಗಡಿಯೊಂದರಲ್ಲಿ ಎರಡೂ ಸಿಲಿಂಡರುಗಳನ್ನು ಅರ್ಧ ಮಿಲಿಮೀಟರ್ ಓವರ್‌ಸೈಜಿಗೆ ಬೋರ್ ಮಾಡಿಸಿದೆ, ಅಂದರೆ ಗೀರು ಹೋಗುವಂತೆ ಒಳಗನ್ನು ಕೊರೆಸಿ ಹಿಗ್ಗಿಸಿದೆ. ಪಿಸ್ಟನ್, ರಿಂಗ್ ಮತ್ತು ಕ್ರ್ಯಾಂಕ್ ಸೀಲುಗಳನ್ನು ಮುಂಬೈಯಿಂದ ತರಿಸಿದೆ. ಬೋರ್ ಮಾಡಿದ ಮಿಸ್ತ್ರಿ ಜೆಟ್ ಸ್ಕೀಯನ್ನು ಜೀವನದಲ್ಲಿ ಮೊದಲ ಸಲ ನೋಡಿದವರು. ಆದರೂ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು, ಮೈಕ್ರೋಮೀಟರ್ ಹಚ್ಚಿ, ಇದಕ್ಕೆ ಎಷ್ಟು ಸಂದು ಬಿಡಬೇಕು ಎಂದು ನನ್ನನ್ನೇ ಮೂರು ಸಲ ಕೇಳಿ, ಪುಸ್ತಕದಲ್ಲಿದ್ದ ಅಳತೆಯನ್ನು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದುಕೊಂಡು ಕೆಲಸ ಮಾಡಿದರು. ಈಗ ಎರಡೂ ಸಿಲಿಂಡರುಗಳಲ್ಲಿ 140ರ ಆಸುಪಾಸಿನ ಒತ್ತಡವಿದೆ. ನಮ್ಮ ಊರಿನ ಕೈಗಳಿಗೆ ಈ ಕೆಲಸ ಆಗುವುದಿಲ್ಲ ಎನ್ನುವವರಿಗೆ ನಾನು ಆ ಗೋಡೆಯನ್ನು ತೋರಿಸಬಲ್ಲೆ.

ಇಂಧನದ ವಿಷಯದಲ್ಲಿ ಹೊಸ ತೊಡಕೊಂದು ಬಂದಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ತಯಾರಾದ ಜೆಟ್ ಸ್ಕೀಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ರಬ್ಬರ್ ಪರೆ ಮತ್ತು ಪೆಟ್ರೋಲ್ ಪೈಪುಗಳು ಇದಕ್ಕೆಂದು ಮಾಡಿದವಲ್ಲ. ಅವು ಮೆತ್ತಗಾಗುತ್ತವೆ, ಉಬ್ಬುತ್ತವೆ, ಪುಡಿಯಾಗಿ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎಥೆನಾಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರಿನ ಮೇಲೆಯೇ ಇರುವ ಯಂತ್ರದ ಟ್ಯಾಂಕಿನಲ್ಲಿ ಅದು ತಿಂಗಳುಗಟ್ಟಲೆ ನಿಂತರೆ, ನೀರು ಕುಡಿದ ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಂಜಿನ್ ಮೊದಲು ಎಳೆಯುವುದು ಆ ತಳದ್ದನ್ನೇ. ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸಿ ಓಡಿಸುವ ಟು-ಸ್ಟ್ರೋಕ್ ಎಂಜಿನ್ನಾದರೆ ಆ ಗಳಿಗೆಯಲ್ಲಿ ಅದು ಎಣ್ಣೆಯಿಲ್ಲದೆ ತಿರುಗುತ್ತದೆ. ನನ್ನ ಯಂತ್ರದ ಎಲ್ಲ ಪೈಪುಗಳನ್ನೂ ಎಥೆನಾಲಿಗೆ ತಡೆಯುವಂತಹವುಗಳಿಗೆ ಬದಲಾಯಿಸಿದ್ದೇನೆ, ಓಡಿಸದೆ ಇಡುವಾಗ ಟ್ಯಾಂಕ್ ಖಾಲಿ ಮಾಡುತ್ತೇನೆ.

ವೈರಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪ್ರತಿಯೊಂದು ಕನೆಕ್ಟರನ್ನೂ ಬಿಡಿಸಿ ನೋಡಬೇಕು, ತಾಮ್ರದ ಮೇಲೆ ಹಸಿರು ಕಿಲುಬು ಕಂಡರೆ ಆ ತಂತಿಯನ್ನು ಒಳಗೆ ಎಷ್ಟು ದೂರದವರೆಗೆ ಕಪ್ಪಾಗಿದೆಯೋ ಅಷ್ಟೂ ಕತ್ತರಿಸಿ ಹೊಸದು ಹಾಕಬೇಕು.

ಮೈಕಟ್ಟಿನ ದುರಸ್ತಿಯಲ್ಲಿ ನಾನು ಕೈ ಸುಟ್ಟುಕೊಂಡೆ. ತಳದಲ್ಲಿ, ಸೀಟಿನ ನೇರಕ್ಕೆ, ಒಂದು ಗೇಣು ಉದ್ದದ ಬಿರುಕು ಇತ್ತು. ಅದರ ಮೇಲೆ ಬಣ್ಣ ಬಳಿದಿದ್ದರಿಂದ ಕೊಳ್ಳುವಾಗ ಕಾಣಲಿಲ್ಲ. ನೀರಿನ ಟ್ಯಾಂಕಿಗೆ ತೇಪೆ ಹಾಕುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಮತ್ತು ಗ್ಲಾಸ್ ಮ್ಯಾಟಿನಿಂದ ತೇಪೆ ಹಾಕಿದೆ. ಮೇ ತಿಂಗಳ ಕಲಬುರಗಿಯ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಹಾರ್ಡನರ್ ಬೆರೆಸಿದ ರೆಸಿನ್ ಡಬ್ಬಿಯಲ್ಲಿಯೇ ಹೊಗೆಯಾಡಿ ಗಡ್ಡೆಯಾಯಿತು. ಮರುದಿನ ನಸುಕಿನಲ್ಲಿ, ಹಾರ್ಡನರ್ ಕಡಿಮೆ ಮಾಡಿ ಮತ್ತೆ ಹಚ್ಚಿದೆ. ಗಟ್ಟಿಯಾಗಿ ಕುಳಿತಂತೆ ಕಂಡ ಆ ತೇಪೆ ಒಂದು ವಾರದ ಬಳಿಕ ಸ್ಕ್ರೂಡ್ರೈವರಿನ ತುದಿ ತಾಗಿಸಿದ ಕೂಡಲೇ ಉಬ್ಬಿದ ಜೋಳದ ರೊಟ್ಟಿಯ ಮೇಲ್ಪದರದಂತೆ ಇಡಿಯಾಗಿ ಎದ್ದು ಬಂತು. ಆಮೇಲೆ ತಿಳಿದದ್ದು, ಅನೇಕ ಜೆಟ್ ಸ್ಕೀಗಳ ಮೈಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬೇರೆ ಬಗೆಯ ಫೈಬರಿನಿಂದ ತಯಾರಿಸುತ್ತಾರೆ, ಅದಕ್ಕೆ ಸಾಮಾನ್ಯ ರೆಸಿನ್ ಸರಿಯಾಗಿ ಅಂಟುವುದಿಲ್ಲ, ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ನೇ ಬೇಕು. ಆ ತೇಪೆ ಜಲಾಶಯದ ನಡುವೆ ಎದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಅನೇಕ ರಾತ್ರಿ ಯೋಚಿಸಿದ್ದೇನೆ. ಹೊರಗಿನಿಂದ ನೋಡಿದವರಿಗೆ ಮೊದಲ ತೇಪೆಗೂ ಈಗಿನ ತೇಪೆಗೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಪ್ರಯೋಗಕ್ಕೆ ಚಿತ್ತಾಪುರದ ಕಡೆ, ಪರಿಚಯದವರೊಬ್ಬರ ಕೆಲಸ ನಿಂತ ಪರಸಿ ಕಲ್ಲಿನ ಖಣಿಯನ್ನು ಆರಿಸಿಕೊಂಡೆವು. ಮಳೆನೀರು ತುಂಬಿತ್ತು, ಯಾರೂ ಕುಡಿಯುವ ನೀರಲ್ಲ, ಯಂತ್ರ ಇಳಿಸಲು ಒಂದು ಕಡೆ ಲಾರಿ ದಾರಿಯ ಇಳಿಜಾರಿತ್ತು. ಮಾಲೀಕರ ಅನುಮತಿ ಪಡೆದು, ಲೈಫ್ ಜಾಕೆಟ್ ತೊಟ್ಟು, ಯಂತ್ರದ ಮೂತಿಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ದಂಡೆಯ ಮೇಲೆ ನಾಲ್ವರ ಕೈಗೆ ಕೊಟ್ಟು ನನ್ನ ಮಗನೊಡನೆ ಇಳಿದೆ. ಮೊದಲ ಹತ್ತು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ಎಂಜಿನ್ ಜೋರಾಗಿ ಅರಚತೊಡಗಿತು, ಯಂತ್ರ ಮಾತ್ರ ಮುಂದಕ್ಕೆ ಹೋಗಲಿಲ್ಲ. ಬಂದ್ ಮಾಡಿ, ಹಗ್ಗ ಎಳೆಸಿಕೊಂಡು ದಂಡೆಗೆ ಬಂದು, ಮಗ್ಗುಲಾಗಿಸಿ ನೋಡಿದರೆ, ಗೊಬ್ಬರದ ಚೀಲದ ಹೊಲಿಗೆ ದಾರ ಜಾಲರಿಯ ಸಂದಿನಿಂದ ಒಳಹೊಕ್ಕು ಇಂಪೆಲ್ಲರಿನ ದಂಡಕ್ಕೆ ಕದಿರಿನಂತೆ ಸುತ್ತಿಕೊಂಡಿತ್ತು. ಹರಿತವಾದ ಚಾಕುವಿನಿಂದ ಅದನ್ನು ಎಳೆ ಎಳೆಯಾಗಿ ಕತ್ತರಿಸಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ಇಂಪೆಲ್ಲರಿಗೂ ಅದರ ಸುತ್ತಲಿನ ಬಳೆಗೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ದಂಡೆಯ ಹತ್ತಿರ ಮೊಣಕಾಲುದ್ದದ ನೀರಿನಲ್ಲಿ ಓಡಿಸಿದರೆ ಮರಳು, ಗರಸು ಎಳೆದುಕೊಂಡು ಆ ಬಳೆ ಸವೆದುಹೋಗುತ್ತದೆ, ಆಮೇಲೆ ಪಂಪು ನೀರನ್ನು ಹಿಡಿಯುವುದಿಲ್ಲ. ಮೂರು ಅಡಿಗಿಂತ ಕಡಿಮೆ ನೀರಿನಲ್ಲಿ ಇದನ್ನು ಚಾಲೂ ಮಾಡಬಾರದು.

ಈ ಕಾರಣಕ್ಕಾಗಿಯೇ, ಭೀಮಾ ನದಿಗೆ ಪ್ರವಾಹ ಬಂದಾಗ ಇಂತಹ ಯಂತ್ರ ಊರಿಗೊಂದು ಇದ್ದರೆ ಜನರನ್ನು ಕಾಪಾಡಬಹುದು ಎಂದು ಹೇಳುವವರ ಮಾತಿಗೆ ನಾನು ಒಪ್ಪಲಾರೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಊರುಗಳಿಗೆ ನುಗ್ಗಿದ ನೀರಿನಲ್ಲಿ ಕಬ್ಬಿನ ರವದಿ, ಮುಳ್ಳಿನ ಬೇಲಿ, ಪ್ಲಾಸ್ಟಿಕ್ ಚೀಲ, ಪಂಪ್‌ಸೆಟ್ಟಿನ ವೈರು ಎಲ್ಲವೂ ತೇಲುತ್ತಿದ್ದವು. ಒಂದು ಹೊಲಿಗೆ ದಾರಕ್ಕೆ ಸೋತ ಯಂತ್ರ ಅಂತಹ ನೀರಿನಲ್ಲಿ ನೂರು ಗಜ ಹೋಗಲಾರದು. ಆ ಕೆಲಸಕ್ಕೆ ಗಾಳಿ ತುಂಬಿದ ದೋಣಿ ಮತ್ತು ಔಟ್‌ಬೋರ್ಡ್ ಮೋಟರೇ ಸರಿ, ಅದನ್ನು ನಡೆಸಲು ತರಬೇತಿ ಪಡೆದ ಕೈಗಳೇ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಚ್ಚಿನ ಜೆಟ್ ಸ್ಕೀಗಳಲ್ಲಿ ಸವಾರನ ಮುಂಗೈಗೆ ಅಥವಾ ಜಾಕೆಟ್ಟಿಗೆ ಕಟ್ಟಿಕೊಳ್ಳುವ ಸುರುಳಿ ಹಗ್ಗವೊಂದು ಇರುತ್ತದೆ, ಅದರ ಇನ್ನೊಂದು ತುದಿ ಎಂಜಿನ್ ಬಂದ್ ಮಾಡುವ ಸ್ವಿಚ್ಚಿಗೆ ಸಿಕ್ಕಿಸಿರುತ್ತದೆ. ಸವಾರ ನೀರಿಗೆ ಬಿದ್ದರೆ ಹಗ್ಗ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ನನ್ನ ಕೈಗೆ ಬಂದ ಯಂತ್ರದಲ್ಲಿ ಆ ಹಗ್ಗ ಇತ್ತು, ಸ್ವಿಚ್ಚೂ ಇತ್ತು, ಸಿಕ್ಕಿಸಿದರೆ ಸರಿಯಾಗಿಯೇ ಕೂರುತ್ತಿತ್ತು. ಆದರೆ ಹ್ಯಾಂಡಲಿನ ಒಳಗೆ ಸ್ವಿಚ್ಚಿನ ತಂತಿಗಳನ್ನು ಕತ್ತರಿಸಿ ಬಿಟ್ಟು, ತುದಿಗಳಿಗೆ ಕಪ್ಪು ಟೇಪ್ ಸುತ್ತಿದ್ದರು. ಹಗ್ಗ ಕಿತ್ತರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಸ್ವಿಚ್ ಕೆಟ್ಟು ಆಗಾಗ ಎಂಜಿನ್ ಬಂದ್ ಆಗಿ ಬಾಡಿಗೆ ತಪ್ಪುತ್ತಿದ್ದುದರಿಂದ ಹಾಗೆ ಮಾಡಿದ್ದಿರಬೇಕು. ವೈರಿಂಗ್ ಪೂರ್ತಿ ಬಿಚ್ಚದೇ ಇದ್ದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಅಂತಹ ಯಂತ್ರದ ಮೇಲೆ ಎಷ್ಟು ಜನ ತಂದೆತಾಯಿ ತಮ್ಮ ಮಕ್ಕಳನ್ನು ಕೂರಿಸಿ ಫೋಟೊ ತೆಗೆದಿದ್ದರೋ!

ಇದರ ಜೊತೆಗೆ ಹ್ಯಾಂಡಲಿನ ಸಂಗತಿ. ಮೊದಲೇ ಹೇಳಿದಂತೆ ತಿರುಗುವುದು ನೀರು ಚಿಮ್ಮುವ ನಳಿಕೆ ಮಾತ್ರ. ನೀರು ಚಿಮ್ಮದಿದ್ದರೆ ಹ್ಯಾಂಡಲನ್ನು ಎಷ್ಟು ತಿರುಗಿಸಿದರೂ ಯಂತ್ರ ತಿರುಗುವುದಿಲ್ಲ. ರಸ್ತೆಯಲ್ಲಿ ಬೈಕ್ ಓಡಿಸಿ ರೂಢಿಯಾದವರು ಎದುರಿಗೆ ಏನಾದರೂ ಬಂದರೆ ಹೆದರಿ ಮೊದಲು ಎಕ್ಸಿಲೇಟರ್ ಬಿಡುತ್ತಾರೆ, ಆಮೇಲೆ ಹ್ಯಾಂಡಲ್ ಎಳೆಯುತ್ತಾರೆ. ಇಲ್ಲಿ ಎಕ್ಸಿಲೇಟರ್ ಬಿಟ್ಟ ಗಳಿಗೆಯಲ್ಲಿಯೇ ತಿರುಗಿಸುವ ಶಕ್ತಿಯೂ ಹೋಗುತ್ತದೆ, ಯಂತ್ರ ಬಂದ ವೇಗದಲ್ಲಿಯೇ ನೇರವಾಗಿ ಸಾಗಿ ಎದುರಿನದಕ್ಕೆ ಬಡಿಯುತ್ತದೆ. ಹಳೆಯ ಯಂತ್ರಗಳಿಗೆ ಬ್ರೇಕ್ ಎಂಬುದೇ ಇಲ್ಲ. ಖಣಿಯ ನಡುವೆ ನನ್ನ ಮಗನಿಗೆ ಇದನ್ನು ತೋರಿಸಲು ಎಕ್ಸಿಲೇಟರ್ ಬಿಟ್ಟು ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿ ಹಿಡಿದೆ. ಕಲ್ಲಿನ ಗೋಡೆಯ ಕಡೆಗೆ ಹತ್ತಾರು ಮಾರು ನೇರವಾಗಿಯೇ ಜಾರಿಕೊಂಡು ಹೋಯಿತು. ಇಪ್ಪತ್ತೊಂದು ವರ್ಷದ ಅವನ ಕೈಗಳು ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಇನ್ನೂ ನೆನಪಿದೆ.

ದುರಸ್ತಿ ಮುಗಿದ ಮೇಲೆ ಕಾಗದಪತ್ರ ಮಾಡಿಸಲು ಹೊರಟೆ. ನನಗೆ ಕೊಟ್ಟವರ ಬಳಿ ಇದ್ದದ್ದು ಛಾಪಾ ಕಾಗದದ ಮೇಲಿನ ಮಾರಾಟದ ಬರಹ ಮಾತ್ರ. ಯಂತ್ರದ ಹಿಂಭಾಗದಲ್ಲಿ ಇರಬೇಕಾದ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಲ್ಲಿ ಮೂರು ಅಳಿಸಿಹೋಗಿದ್ದವು. ಕೊಳ್ಳುವ ಮೊದಲು ಅದನ್ನು ಎಂಜಿನ್ ಸಂಖ್ಯೆಯೊಡನೆ ಮತ್ತು ಮೂಲ ಬಿಲ್ಲಿನೊಡನೆ ತಾಳೆ ನೋಡದೇ ಇದ್ದದ್ದು ನನ್ನ ಎರಡನೆಯ ದೊಡ್ಡ ತಪ್ಪು. ಒಂದು ಕಚೇರಿಯಲ್ಲಿ, ಇದು ರಸ್ತೆಯ ವಾಹನವಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ, ಜಲಾಶಯದ ಗೇಟು ಮತ್ತು ಕಾಲುವೆ ನಮ್ಮದು, ಅದರ ಮೇಲೆ ತೇಲುವುದು ನಮ್ಮದಲ್ಲ ಎಂದರು. ಕೊನೆಗೆ ಕರಾವಳಿಯ ಕಚೇರಿಯೊಂದಕ್ಕೆ ಫೋನು ಮಾಡಿದಾಗ ಸೌಜನ್ಯದಿಂದಲೇ ಮಾತನಾಡಿ, ಯಂತ್ರವನ್ನು ತಂದು ತೋರಿಸಿ ಎಂದರು. ಇಲ್ಲಿಂದ ಅಲ್ಲಿಗೆ ಸುಮಾರು 500 ಕಿಲೋಮೀಟರ್. ಲಾರಿ ಬಾಡಿಗೆ, ಇಬ್ಬರ ಊಟ ವಸತಿ, ಎರಡು ಮೂರು ದಿನದ ದುಡಿಮೆ ಎಲ್ಲ ಸೇರಿದರೆ ನಾನು ಎಂಜಿನ್ನಿಗೆ ಖರ್ಚು ಮಾಡಿದ 48 ಸಾವಿರದ ಅರ್ಧದಷ್ಟಾಗುತ್ತದೆ. ಇಷ್ಟು ಖರ್ಚು ಮಾಡಿ ಹೋಗುವವರು ಯಾರು? ಹೋಗದೆ ಸೀದಾ ನೀರಿಗೆ ಇಳಿಸುವವರೇ ಹೆಚ್ಚಾಗುತ್ತಾರೆ.

ಕಾನೂನು ಇಲ್ಲವೆಂದಲ್ಲ. 1917ರ ಹಳೆಯ ಕಾಯ್ದೆಯ ಬದಲಿಗೆ 2021ರಲ್ಲಿ ಸಂಸತ್ತು ಒಳನಾಡು ನೌಕೆಗಳ ಕಾಯ್ದೆಯನ್ನು ಮಾಡಿತು, ಅದು 2022ರ ಜೂನಿನಲ್ಲಿ ಜಾರಿಗೆ ಬಂತು. ಯಂತ್ರದಿಂದ ನಡೆಯುವ ನೌಕೆಗಳ ತಪಾಸಣೆ, ನೋಂದಣಿ, ವಿಮೆ ಎಲ್ಲದರ ಮಾತೂ ಅದರಲ್ಲಿದೆ. ಕೊರತೆ ಇರುವುದು ಆ ಕಾನೂನು ಕಡಲತೀರದಿಂದ ಬಿಸಿಲುನಾಡಿನವರೆಗೆ ನಡೆದು ಬರುವ ದಾರಿಯಲ್ಲಿ. ನಮ್ಮ ತಾಲ್ಲೂಕು ಕೇಂದ್ರಗಳಿಗೆ ಸಾರಿಗೆ ಇಲಾಖೆಯವರು ದಿನ ಗೊತ್ತುಮಾಡಿ ಬಂದು ಲೈಸೆನ್ಸ್ ಕ್ಯಾಂಪ್ ನಡೆಸುತ್ತಾರೆ. ವ್ಯಾಪಾರಿಗಳ ತಕ್ಕಡಿ, ತೂಕದ ಕಲ್ಲುಗಳಿಗೆ ಅಳತೆ ಇಲಾಖೆಯವರು ಮುದ್ರೆ ಹಾಕುತ್ತಾರೆ. ಹಾಗೆಯೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ, ನೌಕೆಗಳನ್ನು ಪರೀಕ್ಷಿಸುವ ಒಬ್ಬ ಸರ್ವೇಯರ್ ವರ್ಷಕ್ಕೆ ಎರಡು ಸಲ, ಬೇಸಿಗೆಗೆ ಮೊದಲು ಒಮ್ಮೆ ಮತ್ತು ಮಳೆಗಾಲ ಮುಗಿದ ಮೇಲೆ ಒಮ್ಮೆ, ಕಲಬುರಗಿಗೆ ಬಂದು ಎರಡು ದಿನ ಕುಳಿತರೆ ಸಾಕು. ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಪ್ರವಾಸಿ ದೋಣಿಗಳು, ಮೀನುಗಾರರ ಮೋಟರ್ ದೋಣಿಗಳು, ಜೆಟ್ ಸ್ಕೀಗಳು ಎಲ್ಲವನ್ನೂ ಅಲ್ಲಿಗೆ ತರಬಹುದು. ಸುರುಳಿ ಹಗ್ಗವನ್ನು ಕಿತ್ತು ಎಂಜಿನ್ ನಿಲ್ಲುತ್ತದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು. ತಳದ ತೇಪೆಯನ್ನು ಸುತ್ತಿಗೆಯ ಹಿಡಿಕೆಯಿಂದ ತಟ್ಟಿ ಸದ್ದು ಕೇಳುವುದಕ್ಕೆ ಎರಡು ನಿಮಿಷ.

ಆ ತಪಾಸಣೆಯಲ್ಲಿ ಇನ್ನೊಂದು ನಿರ್ಧಾರವೂ ಆಗಬೇಕು: ಯಾವ ಯಂತ್ರ ಯಾವ ನೀರಿಗೆ ಇಳಿಯಬಹುದು ಎಂಬುದು. ಕಲಬುರಗಿ ನಗರ ಕುಡಿಯುವುದು ಭೀಮಾ ಮತ್ತು ಬೆಣ್ಣೆತೊರಾ ನೀರನ್ನು, ಬೀದರ್ ಕುಡಿಯುವುದು ಕಾರಂಜಾ ನೀರನ್ನು. ಕಾರ್ಬ್ಯುರೇಟರ್ ಇರುವ ಟು-ಸ್ಟ್ರೋಕ್ ಎಂಜಿನ್ ಕುಡಿದ ಪೆಟ್ರೋಲಿನ ಸುಮಾರು ಕಾಲು ಭಾಗ ಸುಡದೆಯೇ, ಆಯಿಲ್ ಸಮೇತ, ನೀರಿಗೆ ಬೀಳುತ್ತದೆ. ಖಣಿಯಲ್ಲಿ ನಾನು ಓಡಿಸಿ ಮುಗಿಸಿದಾಗ ದಂಡೆಯ ಹತ್ತಿರ ನೀರಿನ ಮೇಲೆ ಬಣ್ಣಬಣ್ಣದ ತೆಳು ಎಣ್ಣೆಯ ಪರೆ ಹರಡಿತ್ತು. ಅಮೆರಿಕದ ಟಾಹೊ ಸರೋವರದಲ್ಲಿ ಇಂತಹ ಎಂಜಿನ್ನುಗಳನ್ನು 1999ರ ಜೂನಿನಿಂದಲೇ ನಿಷೇಧಿಸಿದ್ದಾರೆ. ನಮ್ಮ ಕುಡಿಯುವ ನೀರಿನ ಜಲಾಶಯಗಳಲ್ಲಿಯೂ ಹಳೆಯ ಟು-ಸ್ಟ್ರೋಕ್ ಯಂತ್ರಗಳಿಗೆ ಅವಕಾಶ ಕೊಡಬಾರದು, ಫೋರ್-ಸ್ಟ್ರೋಕ್ ಯಂತ್ರಗಳಿಗೂ ಜಲಾಶಯದ ಅಧಿಕಾರಿಗಳ ಲಿಖಿತ ಒಪ್ಪಿಗೆ ಇರಲೇಬೇಕು. ಏಳು ತಿಂಗಳ ದುಡಿಮೆಯ ನನ್ನ ಯಂತ್ರವೂ ಟು-ಸ್ಟ್ರೋಕೇ ಆಗಿರುವುದರಿಂದ ಅದು ಬೆಣ್ಣೆತೊರಾ ನೀರನ್ನು ಎಂದೂ ಮುಟ್ಟುವುದಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಆದರೂ ನನ್ನ ಮನೆಯ ನಲ್ಲಿಯಲ್ಲಿ ಬರುವುದು ಅದೇ ನೀರು.

ಇನ್ನು ಕೊಳ್ಳಲೇಬೇಕೆಂದಿರುವ ಯುವಕರಿಗೆ ಒಂದು ಮಾತು. ಟು-ಸ್ಟ್ರೋಕ್ ಯಂತ್ರ ಅಗ್ಗಕ್ಕೆ ಸಿಗುತ್ತದೆ ಎಂದು ಹೋಗಬೇಡಿ, ಅಗ್ಗಕ್ಕೆ ಸಿಗಲು ಕಾರಣ ಇದೇ. ಕೊಡುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅಂದು ಸುಮ್ಮನೆ ಚಹಾ ಕುಡಿದು ಬಂದು ಮರುದಿನ ಬೆಳಿಗ್ಗೆ ಮತ್ತೆ ಹೋಗಿ. ಕಂಪ್ರೆಷನ್ ಗೇಜ್ ಒಯ್ಯಿರಿ. ಇಲ್ಲದವರು ನನ್ನ ಅಂಗಡಿಯಿಂದ ಒಯ್ದು ಮರಳಿ ತಂದುಕೊಡಬಹುದು. ತಳವನ್ನು ಬಿಸಿಲಿನಲ್ಲಿ ತಿರುವಿ ನೋಡಿ, ಬಣ್ಣ ಹೊಸದಾಗಿ ಕಂಡ ಕಡೆ ಅನುಮಾನ ಪಡಿ. ವ್ಯವಹಾರ ಮುಗಿಯುವ ಮೊದಲು ಸುರುಳಿ ಹಗ್ಗವನ್ನು ನಿಮ್ಮ ಕೈಯಿಂದಲೇ ಕಿತ್ತು ನೋಡಿ.

ನನ್ನ ಯಂತ್ರ ಈಗ ಶೆಡ್ಡಿನಲ್ಲಿ, ಬಂದಾಗಿನಂತೆಯೇ ಟಯರುಗಳ ಮೇಲೆ, ಟ್ಯಾಂಕ್ ಖಾಲಿಯಾಗಿ ಕುಳಿತಿದೆ. ಸ್ವಿಚ್ ಹೊಸದು ಹಾಕಿದ್ದೇನೆ, ಹಗ್ಗವನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಕಲಬುರಗಿಯಲ್ಲಿ ತಪಾಸಣೆಯ ದಿನ ಗೊತ್ತಾದರೆ ಮೊದಲು ಅದನ್ನೇ ತರುತ್ತೇನೆ. ಪರೀಕ್ಷಿಸುವವರು ಬೇಕೆಂದರೆ ಅದರ ಪ್ರತಿಯೊಂದು ಬೋಲ್ಟನ್ನೂ ಅವರ ಮುಂದೆ ಬಿಚ್ಚಿ ತೋರಿಸಲು ನಾನೂ, ನನ್ನ ಅಂಗಡಿಯ ಇಬ್ಬರು ಹುಡುಗರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ದುರಸ್ತಿಗಾರ,
ಹುಮನಾಬಾದ್ ರಸ್ತೆ, ಕಲಬುರಗಿ